ನೀರು ಶುದ್ಧವಾಯಿತು, ಕೊಡುವ ಕೈ?


*ಇಂದಿನ ಧಮ್ಮ ಚಿಂತನೆ*

ಬಂಧುಗಳೇ,

ಆದಿಚುಂಚನಗಿರಿ ಬೆಟ್ಟ ಕಾಣುವ ನಾಗಮಂಗಲ ಸೀಮೆಯ ಒಂದು ಊರು ನನ್ನದು. ಜಿಲ್ಲೆ ಮಂಡ್ಯವೇ ಆದರೂ ಶ್ರೀರಂಗಪಟ್ಟಣ, ಪಾಂಡವಪುರದವರಂತೆ ಕನ್ನಂಬಾಡಿ ಕಟ್ಟೆಯ ನಾಲೆ ನೋಡಿಕೊಂಡು ಬೆಳೆದವರಲ್ಲ ನಾವು. ಕೆರೆ, ಬಾವಿ, ಬೋರ್‌ವೆಲ್ ನಂಬಿಕೊಂಡ ಬೆದ್ದಲು ಸೀಮೆ ನಮ್ಮದು.

ನಾನು ಚಿಕ್ಕವನಿದ್ದಾಗ ಸಿಹಿನೀರಿನ ಬಾವಿ ಮೇಲಿನ ಬೀದಿಯಲ್ಲಿತ್ತು. ಅವ್ವ ಬಿಂದಿಗೆ ಇಟ್ಟು ದೂರ ನಿಲ್ಲುತ್ತಿದ್ದಳು. ಯಾರಾದರೂ ಮನಸ್ಸು ಮಾಡಿ ಸೇದಿ ಹುಯ್ದರೆ ನೀರು, ಇಲ್ಲದಿದ್ದರೆ ಕಾಯುವುದು. ಬಾಯಾರಿದರೆ ಬೊಗಸೆ ಒಡ್ಡಬೇಕಿತ್ತು, ನೀರು ಮೇಲಿನಿಂದ ಬೀಳುತ್ತಿತ್ತು.

ಆಮೇಲೆ ಕೇರಿಗೆ ಕೈಪಂಪು ಬಂತು, ತೊಂಬೆ ಬಂತು. ಆದರೆ ನಮ್ಮ ಕಡೆಯ ಕೆಲವು ಊರುಗಳ ಬೋರ್ ನೀರಿನಲ್ಲಿ ಫ್ಲೋರೈಡ್ ಇದೆ. ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ದಾಟಿದ ನೀರು ಕುಡಿದ ಮಕ್ಕಳ ಹಲ್ಲು ಕಲೆಗಟ್ಟುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದು ವರ್ಷಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿಯುತ್ತವೆ. ಕಾಯಿಸಿದರೂ ಅದು ಹೋಗುವುದಿಲ್ಲ. ಈಗ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನು ತುಂಬುವ ಫಿಲ್ಟರ್ ನೀರಿನ ಘಟಕವಿದೆ. 2019ರಲ್ಲಿ ಶುರುವಾದ ಜಲಜೀವನ್ ಯೋಜನೆಯ ನಲ್ಲಿ ಮನೆ ಬಾಗಿಲಿಗೇ ಬಂದಿದೆ. ಅವ್ವನ ಸೊಂಟಕ್ಕೆ ಬಿಡುವು ಸಿಕ್ಕಿತು. ನನ್ನ ಮಗಳು ಬಿಂದಿಗೆ ಹೊತ್ತು ಸ್ಕೂಲಿಗೆ ತಡವಾಗಿ ಹೋದವಳಲ್ಲ. ಇದು ಸಣ್ಣ ಮಾತಲ್ಲ. ಯಂತ್ರ ಯಾರ ಜಾತಿಯನ್ನೂ ಕೇಳುವುದಿಲ್ಲ.

ಹಾಗಾದರೆ ಮಹಾಡ್ ಮುಗಿಯಿತೇ?

1923ರಲ್ಲೇ ಮುಂಬೈ ವಿಧಾನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ಎಂದು ನಿರ್ಣಯ ಮಾಡಿತ್ತು. ನಿರ್ಣಯ ಕಾಗದದಲ್ಲಿ ಉಳಿಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದು ಹೋಗಿ ಚವದಾರ್ ಕೆರೆಯ ನೀರನ್ನು ಕೈಯಲ್ಲಿ ಎತ್ತಿ ಕುಡಿದರು. ಸವರ್ಣೀಯರು ಆ ಕೆರೆಯನ್ನು ‘ಶುದ್ಧಿ’ ಮಾಡಿದರು, ಕೋರ್ಟಿಗೂ ಹೋದರು. ಹೈಕೋರ್ಟಿನ ತೀರ್ಪು ನಮ್ಮ ಪರವಾಗಿ ಬಂದದ್ದು 1937ರಲ್ಲಿ. ಮಹಾಡ್‌ನಲ್ಲಿ ಬಾಬಾಸಾಹೇಬರು ಆಡಿದ ಮಾತಿನ ತಿರುಳು ಇಷ್ಟು: ಈ ಕೆರೆಯ ನೀರು ಕುಡಿಯದಿದ್ದರೆ ನಾವು ಸಾಯುವುದಿಲ್ಲ, ನಾವೂ ಮನುಷ್ಯರೆಂದು ಸ್ಥಾಪಿಸಲು ಬಂದಿದ್ದೇವೆ. ಮಹಾಡ್ ನಡೆದದ್ದು ಬಾಯಾರಿಕೆಗಲ್ಲ, ಸಮಾನತೆಗೆ.

ಈಗ ನನ್ನ ಮನೆಯ ವಿಷಯ ಹೇಳಬೇಕು. ಹೇಳಲು ನಾಚಿಕೆಯಾಗುತ್ತದೆ.

ಹೋದ ಬೇಸಿಗೆಯಲ್ಲಿ ನಮ್ಮ ಬೀದಿಯ ಚರಂಡಿ ತೆಗೆಯಲು ಬಂದಿದ್ದ ಹೆಣ್ಣುಮಗಳೊಬ್ಬಳು ನೀರು ಕೇಳಿದಳು. ಆಕೆಯೂ ನಮ್ಮ ಹಾಗೇ ಊರಿನಿಂದ ದೂರ ಇಟ್ಟವಳೇ. ಜಾತಿ ಮಾತ್ರ ಬೇರೆ. ಅವ್ವ ಒಳಗಿಂದ ಫಿಲ್ಟರ್ ನೀರನ್ನೇ ತಂದಳು. ಆದರೆ ಲೋಟ ಕೊಡಲಿಲ್ಲ. ಆಕೆ ಬೊಗಸೆ ಒಡ್ಡಿದಳು, ಅವ್ವ ಚೊಂಬಿನಿಂದ ಮೇಲಿನಿಂದ ಹುಯ್ದಳು. ಹಿಂದೆ ಗೋಡೆಯ ಮೇಲೆ ಬುದ್ಧರ ಪಟ, ಬಾಬಾಸಾಹೇಬರ ಪಟ. ನಾನು ನೋಡಿದೆ, ಸುಮ್ಮನಿದ್ದೆ. ಅದೇ ಭಾನುವಾರ ನಮ್ಮ ಅಧ್ಯಯನ ಕೂಟದಲ್ಲಿ ಮಹಾಡ್ ಬಗ್ಗೆ ಮಾತನಾಡಿದೆ.

ತಡೆಯಲಾರದೆ ರಾತ್ರಿ ಕೇಳಿದೆ, “ಅವ್ವ, ಆವತ್ತು ಲೋಟದಲ್ಲಿ ಯಾಕೆ ಕೊಡಲಿಲ್ಲ?”

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನಂಗೂ ಹಂಗೇ ಹುಯ್ತಿದ್ರು ಕಣಪ್ಪ. ನೀರು ಕೊಡಾದು ಅಂದ್ರೆ ಹಂಗೇ ಅಂದ್ಕಂಡಿದ್ದೆ” ಅಂದಳು.

ಅವ್ವನನ್ನು ದೂರಲಾರೆ. ತನಗೆ ಸಿಕ್ಕ ಅವಮಾನವನ್ನೇ ಪದ್ಧತಿ ಎಂದು ಕಲಿತಿದ್ದಳು. ತಪ್ಪು ನನ್ನದು, ನಾನು ಓದಿ ತಿಳಿದೂ ಸುಮ್ಮನಿದ್ದವನು. ಮೆಟ್ಟಿಲು ಮೆಟ್ಟಿಲಾದ ಅಸಮಾನತೆ ಎಂದು ಬಾಬಾಸಾಹೇಬರು ಹೇಳಿದ್ದು ಇದನ್ನೇ. ನಮ್ಮ ಮೇಲಿನ ಮೆಟ್ಟಿಲು ನಮಗೆ ಚೆನ್ನಾಗಿ ಕಾಣುತ್ತದೆ. ಕೆಳಗಿನದು ನಮ್ಮ ಕಾಲಡಿಯೇ ಇರುವುದರಿಂದ ಕಾಣುವುದಿಲ್ಲ.

ಬಾಬಾಸಾಹೇಬರು ತಮ್ಮ ಕೊನೆಯ ಗ್ರಂಥದಲ್ಲಿ ಆನಂದ ಮತ್ತು ಚಂಡಾಲ ಕನ್ಯೆಯ ಕಥೆ ಹೇಳಿದ್ದಾರೆ. ಭಂತೆ ಆನಂದರು ನೀರು ಕೇಳಿದಾಗ ಆಕೆ ತನ್ನ ಜಾತಿ ಹೇಳಿ ಹಿಂಜರಿದಳು. ಅವರು ಕೇಳಿದ್ದು ನೀರು, ಜಾತಿಯಲ್ಲ. ಇಲ್ಲಿ ಗಮನಿಸಿ: ಆನಂದರು ಆಕೆಗೆ ನೀರು ಕೊಡಲಿಲ್ಲ, ಆಕೆಯ ಕೈಯಿಂದ ಪಡೆದರು. ಕೊಡುವವನು ಮೇಲೆಯೇ ಉಳಿಯಬಹುದು. ಕೇಳಿ ಪಡೆಯುವವನು ಇಳಿದು ಸಮಕ್ಕೆ ಬರಲೇಬೇಕು.

ಮನೆಮನೆಗೆ ನಲ್ಲಿ ಬಂದ ಮೇಲೆ ಯಾರೂ ಯಾರನ್ನೂ ನೀರು ಕೇಳಬೇಕಿಲ್ಲ. ಒಳ್ಳೆಯದೇ ಆಯಿತು. ಆದರೆ ಕೈ ಕೈ ತಾಗುವ ಪರೀಕ್ಷೆಯೂ ತಪ್ಪಿತು. ಒಟ್ಟಿಗೆ ಸೇದದೆ, ಒಟ್ಟಿಗೆ ಕುಡಿಯದೆ, ನಾವು ಸಮಾನರಾದೆವು ಎಂದುಕೊಂಡು ಬದುಕಿಬಿಡಬಹುದು.

ನಾನು ಆಕೆಯ ಮನೆಗೆ ಹೋದೆ. ನೀರು ಕೇಳಿದೆ. ಆಕೆ ಗಾಬರಿಯಾಗಿ, ಅಂಗಡಿಯಿಂದ ಬಾಟಲಿ ತರಲು ಮಗನನ್ನು ಕಳಿಸಹೊರಟಳು. “ಬೇಡ ತಾಯಿ, ನೀವು ಕುಡಿಯೋ ನೀರೇ ಕೊಡಿ” ಅಂದೆ. ಸ್ಟೀಲ್ ಲೋಟ ಎರಡು ಸಲ ತೊಳೆದು ಕೊಟ್ಟಳು. ನಮ್ಮ ಮನೆಗೆ ಬರುವ ನೀರೇ ಅದು. ಮುಂದಿನ ಸಲ ಆಕೆ ನಮ್ಮ ಬೀದಿಗೆ ಬಂದಾಗ ಅವ್ವ ತಾನು ಕುಡಿಯುವ ಲೋಟವನ್ನೇ ತುಂಬಿ ಕೈಗೆ ಕೊಟ್ಟಳು. ಕೈ ಸ್ವಲ್ಪ ನಡುಗುತ್ತಿತ್ತು.

*ಇಂದಿನ ಅಭ್ಯಾಸ:* ನಾವು ಇದುವರೆಗೆ ಯಾರ ಮನೆಯಲ್ಲಿ ನೀರು ಕುಡಿದಿಲ್ಲ? ಯೋಚಿಸೋಣ. ಈ ವಾರ ಅಲ್ಲಿಗೆ ಹೋಗಿ ಒಂದು ಲೋಟ ನೀರು ಕೇಳೋಣ.

ಭವತು ಸಬ್ಬ ಮಂಗಲಂ 🙏
ಜೈ ಭೀಮ್ 💙