ಮಿತಿ ಮತ್ತು ಧರ್ಮ

ಮನುಷ್ಯನು ತನ್ನ ಭೋಗಕ್ಕೆ ತಾನೇ ಒಂದು ಎಲ್ಲೆಯನ್ನು ಹಾಕಿಕೊಳ್ಳುವುದು ಅವನ ಸ್ವಾತಂತ್ರ್ಯಕ್ಕೆ ಕುಂದೋ, ಅಥವಾ ಸ್ವಾತಂತ್ರ್ಯದ ಪ್ರಥಮ ಲಕ್ಷಣವೋ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಅಪರಿಗ್ರಹದ ಪ್ರಸಂಗದಲ್ಲಿಯೂ, ಶರಣರು ದಾಸೋಹದ ಪ್ರಸಂಗದಲ್ಲಿಯೂ ಆಳವಾಗಿ ವಿಚಾರಿಸಿದ್ದಾರೆ. ಆ ಹಳೆಯ ಪ್ರಶ್ನೆಯು ಇಂದು ಊರೂರಿನ ವಿದ್ಯುಚ್ಛಕ್ತಿಯ ವಿಷಯದಲ್ಲಿ ಮತ್ತೆ ತಲೆಯೆತ್ತಿದೆ.

ಸ್ಕಾಟ್ಲೆಂಡಿನ ಪಶ್ಚಿಮ ಕಡಲಿನಲ್ಲಿ ಎಗ್ ಎಂಬ ಪುಟ್ಟ ದ್ವೀಪವುಂಟು. ಅಲ್ಲಿನ ನಿವಾಸಿಗಳು 1997ರಲ್ಲಿ ಒಂದು ಟ್ರಸ್ಟಿನ ಮೂಲಕ ದ್ವೀಪವನ್ನೇ ಕೊಂಡು, ಜಮೀನುದಾರರ ಹಂಗಿನಿಂದ ಬಿಡಿಸಿಕೊಂಡರು. ಅನಂತರವೂ ಹಲವು ವರ್ಷ ಮನೆಮನೆಯಲ್ಲಿ ಡೀಸೆಲ್ ಯಂತ್ರಗಳೇ ಗುಡುಗುತ್ತಿದ್ದವು. 2008ರ ಫೆಬ್ರವರಿಯಲ್ಲಿ ತೊರೆಯ ನೀರು, ಗಾಳಿ, ಬಿಸಿಲು ಈ ಮೂರನ್ನೂ ಒಂದೇ ತಂತಿಯ ಜಾಲಕ್ಕೆ ಕೂಡಿಸಿದ ವ್ಯವಸ್ಥೆಯೊಂದು ಅಲ್ಲಿ ಆರಂಭವಾಯಿತು. ಚಳಿಗಾಲದಲ್ಲಿ ಮಳೆಗಾಳಿಗಳು ಹೇರಳವಾಗಿ ಬಿಸಿಲು ವಿರಳವಾಗುವುದರಿಂದಲೂ, ಬೇಸಗೆಯಲ್ಲಿ ತೊರೆ ಸೊರಗಿದಾಗ ಸೂರ್ಯನು ಬಹುಹೊತ್ತು ಬೆಳಗುವುದರಿಂದಲೂ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಿನದಿನದ ಏರುಪೇರನ್ನು ಬ್ಯಾಟರಿಗಳು ಹೊರುತ್ತವೆ. ಇವೆಲ್ಲವೂ ಸಾಲದಾದಾಗ ಮಾತ್ರ ಡೀಸೆಲ್ಲಿಗೆ ಕರೆ.

ಆದರೆ ಯಂತ್ರಕ್ಕಿಂತ ಹೆಚ್ಚಾಗಿ ನನ್ನ ಮನಸ್ಸನ್ನು ಸೆಳೆದುದು ಅಲ್ಲಿನವರು ಒಡಂಬಟ್ಟು ಮಾಡಿಕೊಂಡ ನಿಯಮ. ಯಾವ ಮನೆಯೂ ಒಂದು ಹೊತ್ತಿನಲ್ಲಿ 5 ಕಿಲೋವಾಟ್ ಮೀರಿ ಎಳೆಯಕೂಡದು. ವ್ಯಾಪಾರದ ಸ್ಥಳಕ್ಕೆ 10. ನೀರು ಕಾಯಿಸುವ ಕೆಟಲೂ ಬಟ್ಟೆ ಒಗೆಯುವ ಯಂತ್ರವೂ ಒಟ್ಟಿಗೆ ನಡೆಯಬಹುದು. ಅದರ ಮೇಲೆ ವಿದ್ಯುತ್ತಿನ ಒಲೆಯನ್ನೂ ಹಚ್ಚಿದರೆ ಸಂಪರ್ಕವೇ ಕಡಿದುಹೋಗುತ್ತದೆ. ಉಳ್ಳವನಿಗೆ ಹೆಚ್ಚು, ಇಲ್ಲದವನಿಗೆ ಕಡಿಮೆ ಎಂಬುದಿಲ್ಲ. ಇನ್ನು ಬ್ಯಾಟರಿ ತುಂಬಿ ಶಕ್ತಿಯು ಮಿಕ್ಕಿತೆಂದರೆ, ಊರಿನ ಸಭಾಭವನವನ್ನೂ ಚರ್ಚುಗಳನ್ನೂ ಬೆಚ್ಚಗಾಗಿಸುವ ಹೀಟರುಗಳಿಗೆ ಅದು ತಾನಾಗಿಯೇ ಹರಿಯುತ್ತದೆ. ತನ್ನ ಕಾಯಕದ ಫಲದಲ್ಲಿ ಅವಶ್ಯವಾದಷ್ಟನ್ನು ಇಟ್ಟುಕೊಂಡು ಮಿಕ್ಕುದನ್ನು ಸಮಷ್ಟಿಗೆ ಸಲ್ಲಿಸತಕ್ಕದ್ದೆಂದು ಕಲ್ಯಾಣದ ಶರಣರು ಬಾಳಿ ತೋರಿದ ತತ್ತ್ವವನ್ನು ಎಂದೂ ಕೇಳಿರದ ಜನರು, ಅದೇ ನಡೆಯನ್ನು ತಂತಿಯಲ್ಲಿ ಹೆಣೆದಿರುವುದನ್ನು ಕಂಡು ನನಗಾದ ಸಂತೋಷವು ಸಣ್ಣದಲ್ಲ.

ಹಾಗಾದರೆ ಮಿತಿಯೇ ಧರ್ಮವೆಂದು ಸಾರಿಬಿಡಬಹುದೇ? ಬಿಹಾರದ ಜಹಾನಾಬಾದ್ ಜಿಲ್ಲೆಯ ಧರ್ನಾಯಿ ಗ್ರಾಮವು ಇಲ್ಲಿ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಸುಮಾರು 30 ವರ್ಷ ಕತ್ತಲೆಯಲ್ಲಿದ್ದ ಆ ಊರಿಗೆ 2014ರಲ್ಲಿ 100 ಕಿಲೋವಾಟಿನ ಸೌರಜಾಲವೊಂದು ಹೊರಗಿನ ಸಂಸ್ಥೆಯ ಶ್ರಮದಿಂದ ಬಂದಿತು. ದೀಪ ಹತ್ತಿತು, ಫ್ಯಾನು ತಿರುಗಿತು. ಹೆಚ್ಚು ವಿದ್ಯುತ್ತನ್ನು ಬೇಡುವ ಉಪಕರಣಗಳಿಗೆ ಮಾತ್ರ ನಿಷೇಧ. ರಾಜ್ಯದ ನಾಯಕರು ಊರಿಗೆ ಬಂದಾಗ ಜನರು ಕೇಳಿದ್ದು ‘ಅಸಲಿ ಬಿಜಲಿ’ಯನ್ನು, ಎಂದರೆ ಪಟ್ಟಣದವರಿಗೆ ಬರುವ ವಿದ್ಯುತ್ತನ್ನು. ಮುಂದೆ ಸರಕಾರದ ತಂತಿ ಬಂದಿತು. ಸೌರಜಾಲವು ಕಾಲಕ್ರಮದಲ್ಲಿ ನಿಂತುಹೋಯಿತು.

ಎರಡು ಊರುಗಳಲ್ಲಿಯೂ ಸೂರ್ಯನೊಬ್ಬನೇ, ಮಿತಿಯೂ ಉಂಟು. ಭೇದವಿರುವುದು ಮಿತಿಯನ್ನು ವಿಧಿಸಿದವರು ಯಾರೆಂಬುದರಲ್ಲಿ. ಉಪವಾಸವ್ರತವನ್ನು ಹಿಡಿದವನ ಹಸಿವೂ ಅನ್ನ ಸಿಕ್ಕದವನ ಹಸಿವೂ ಹೊಟ್ಟೆಗೆ ಒಂದೇ ಆದರೂ ಮನಸ್ಸಿಗೆ ಒಂದೇ ಅಲ್ಲ. ನೆಲದ ಒಡೆತನವನ್ನು ಮೊದಲು ಪಡೆದು, ಬಳಿಕ ತಾವೇ ಕೂಡಿ ಕುಳಿತು ತೀರ್ಮಾನಿಸಿದ ಎಗ್ ದ್ವೀಪದವರಿಗೆ 5 ಕಿಲೋವಾಟ್ ಎಂಬುದು ವ್ರತವಾಯಿತು. ಅದಕ್ಕಿಂತಲೂ ಬಹಳ ಕಡಿಮೆಯದನ್ನು ಪರರ ಕೈಯಿಂದ ಪಡೆದ ಧರ್ನಾಯಿಯವರಿಗೆ ಅದು ದಾರಿದ್ರ್ಯದ ಇನ್ನೊಂದು ಹೆಸರಾಯಿತು. ಭೋಗಿಸಲು ಶಕ್ತನಾದವನು ಬಿಟ್ಟರೆ ಅದು ತ್ಯಾಗ. ಭೋಗವನ್ನೇ ಕಾಣದವನಿಗೆ ತ್ಯಾಗವನ್ನು ಬೋಧಿಸುವುದು ಅಧರ್ಮವೆಂದೇ ನನ್ನ ನಂಬಿಕೆ.

ಆದಕಾರಣ, ಹಳ್ಳಿಗಳಿಗೆ ಇಂಥ ಜಾಲಗಳನ್ನು ಕಟ್ಟಹೊರಟಿರುವ ಇಂಜಿನಿಯರುಗಳಲ್ಲಿಯೂ ಸರಕಾರದವರಲ್ಲಿಯೂ ನನ್ನ ವಿಜ್ಞಾಪನೆಯಿಷ್ಟೆ: ಫಲಕಗಳನ್ನು ನಿಲ್ಲಿಸುವ ಮೊದಲು ಗ್ರಾಮಸಭೆಯನ್ನು ಕೂಡಿಸಿರಿ, ಯಾರಿಗೆ ಎಷ್ಟು, ಮಿಕ್ಕುದು ಯಾರಿಗೆ ಎಂಬುದನ್ನು ಆ ಊರಿನ ಗಂಡಸರೂ ಹೆಂಗಸರೂ ತಾವೇ ನಿಶ್ಚಯಿಸಲಿ, ಆ ನಿಶ್ಚಯವು ನಿಮ್ಮ ಲೆಕ್ಕಕ್ಕೆ ಹೊಂದದಿದ್ದರೆ ಲೆಕ್ಕವನ್ನು ತಿದ್ದಿರಿ.