ಬಣ್ಣದ ಕೆಳಗಿನ ಬೆಸುಗೆ

ಎಸ್ಸೆಸ್ಸೆಲ್ಸಿ ಮುಗಿಸಿದ ಮಗ ಐಟಿಐ ಸೇರಿದ್ದಾನೆಂದು ಹೇಳುವಾಗ ನಮ್ಮಲ್ಲಿ ಅನೇಕ ತಂದೆತಾಯಿಯರ ದನಿ ತುಸು ತಗ್ಗುತ್ತದೆ. 'ಪಿಯುಸಿಗೆ ಮಾರ್ಕು ಸಾಲಲಿಲ್ಲ' ಎಂದೋ, 'ಬೇಗ ಒಂದು ದಾರಿಯಾಗಲಿ ಅಂತ' ಎಂದೋ ಸಮಜಾಯಿಷಿಯೊಂದು ಜೊತೆಗೇ ಬರುತ್ತದೆ. ಇಂಜಿನಿಯರಿಂಗ್ ಸೇರಿದವನ ಮನೆಯವರು ಯಾರಿಗೂ ಸಮಜಾಯಿಷಿ ಕೊಡಬೇಕಾಗಿಲ್ಲ. ತರಬೇತಿ ಮುಗಿದು ಬೀಳ್ಕೊಡುಗೆಯ ದಿನ ಮೈಕಿನ ಮುಂದೆ ನಿಲ್ಲುವ ಹುಡುಗರ ಮಾತೂ ಬಹುಮಟ್ಟಿಗೆ ಇಲ್ಲಿಂದಲೇ ಶುರುವಾಗುತ್ತದೆ: 'ಬೇರೆಲ್ಲೂ ಸೀಟು ಸಿಗದೆ ಇಲ್ಲಿಗೆ ಬಂದೆ.' ಆದರೆ ಅವರು ಅಲ್ಲಿಗೇ ನಿಲ್ಲುವುದಿಲ್ಲ. ಆಮೇಲೆ ಅವರು ಏನನ್ನು ನೆನೆಯುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳಬೇಕು. ಅದರೊಳಗೆ ನಮ್ಮೆಲ್ಲರಿಗೂ ಸಂಬಂಧಿಸಿದ ಒಂದು ನೈತಿಕ ಪ್ರಶ್ನೆ ಅಡಗಿದೆ.

ಫಿಟ್ಟರ್ ವಿಭಾಗದ ಹುಡುಗ ನೆನೆಯುವುದು ಅರವನ್ನು. ಎರಡು ವರ್ಷದ ಆ ತರಬೇತಿಯ ಮೊದಲ ವಾರಗಳಲ್ಲಿ ಅವನಿಗೆ ದೊಡ್ಡ ಯಂತ್ರಗಳ ಗೊಡವೆಯಿಲ್ಲ. ವೈಸಿನಲ್ಲಿ ಕಬ್ಬಿಣದ ತುಂಡೊಂದನ್ನು ಬಿಗಿದು ಅರದಿಂದ ಉಜ್ಜುವುದೇ ಪಾಠ. ಅಂಗೈ ಬೊಬ್ಬೆ ಬರುತ್ತದೆ. ಸಮತಟ್ಟಾಯಿತೆಂದುಕೊಂಡು ಒಯ್ದರೆ ಸರ್ ಅದರ ಮೇಲೆ ಟ್ರೈಸ್ಕ್ವೇರ್ ಇಟ್ಟು ಬೆಳಕಿಗೆ ಹಿಡಿಯುತ್ತಾರೆ. ಅಡಿಯಿಂದ ಬೆಳಕಿನ ಒಂದೆಳೆ ಹಾಯ್ದರೂ ಮತ್ತೆ ಉಜ್ಜಬೇಕು. ಮುಂದೆ ವರ್ನಿಯರ್ ಕ್ಯಾಲಿಪರ್ ಕೈಗೆ ಬರುತ್ತದೆ. ಅದು 0.02 ಮಿಲಿಮೀಟರ್‌ನಷ್ಟು ವ್ಯತ್ಯಾಸವನ್ನೂ ತೋರಿಸುತ್ತದೆ. ತಲೆಗೂದಲಿನ ದಪ್ಪವೂ ಅದಕ್ಕಿಂತ ಹೆಚ್ಚು. 'ಸರ್, ಇಷ್ಟಿದ್ದರೆ ಪರವಾಗಿಲ್ಲ ಅಲ್ವಾ?' ಎಂದು ಅಂಗಲಾಚಿದರೆ ಸಿಗುವ ಉತ್ತರ: 'ನನ್ನನ್ನೇನು ಕೇಳ್ತೀಯ, ಸ್ಕ್ವೇರನ್ನು ಕೇಳು.'

ಆಗ ಬೈದುಕೊಂಡ ಇದೇ ಸಂಗತಿಯನ್ನು ಹುಡುಗರು ಕೊನೆಯ ದಿನ ಇಷ್ಟು ಪ್ರೀತಿಯಿಂದ ನೆನೆಯುವುದೇಕೆ? ನನಗನಿಸುವುದು ಹೀಗೆ. ಅಲ್ಲಿಯವರೆಗೆ ಅವರನ್ನು ಅಳೆದದ್ದೆಲ್ಲ ಬೇರೆಯವರ ಅಭಿಪ್ರಾಯ. ದಡ್ಡ, ಉಡಾಳ, ಇಂಥ ಕೇರಿಯವನು, ಇಂಥವರ ಮಗ. ಕಬ್ಬಿಣ ಇದ್ಯಾವುದನ್ನೂ ಕೇಳುವುದಿಲ್ಲ. ಪರೀಕ್ಷೆಯ ಉತ್ತರವನ್ನು ಮಾತಿನಿಂದ ಹಿಗ್ಗಿಸಬಹುದು, ತಪ್ಪಾಗಿ ಉಜ್ಜಿದ ಅಂಚನ್ನು ಮಾತಿನಿಂದ ಸರಿಪಡಿಸಲಾಗದು. ಎಲ್ಲರಿಗೂ ಒಂದೇ ಆಗಿರುವ ಅಳತೆಗೋಲಿನ ಎದುರು ಅವರು ನಿಂತದ್ದು ಬಹುಶಃ ಅದೇ ಮೊದಲು. ಅದರ ಎದುರು ಗೆದ್ದದ್ದೂ ಅದೇ ಮೊದಲು.

ಇಷ್ಟಾದರೆ ಕಥೆ ಸುಖಾಂತ್ಯವೇ. ಆದರೆ ಈ ಕಸುಬುಗಳಲ್ಲಿ ಇನ್ನೊಂದು ಬಗೆಯ ಕೆಲಸವಿದೆ, ಯಾರ ಕಣ್ಣಿಗೂ ಬೀಳದ ಕೆಲಸ. ವೆಲ್ಡಿಂಗನ್ನೇ ನೋಡಿ. ಮೇಲೆ ಚಂದದ ಗೆರೆ ಮೂಡಿದ್ದರೂ ಒಳಗೆ ಎರಡು ಅಂಚುಗಳು ಕರಗಿ ಕೂಡಿರದಿದ್ದರೆ ಅದು ಬೆಸುಗೆಯಲ್ಲ, ಬರಿಯ ಅಂಟು. ಇದನ್ನು ಮನಗಾಣಿಸಲೆಂದು ತರಬೇತಿಯಲ್ಲಿ ಬೆಸೆದ ತುಂಡನ್ನು ಮುರಿದು, ಒಳಗಿನ ತೂತುಗಳನ್ನೂ ಸಿಕ್ಕಿಕೊಂಡ ಕಿಟ್ಟವನ್ನೂ ತೋರಿಸುತ್ತಾರೆ. ಎಲೆಕ್ಟ್ರಿಶಿಯನ್ನನ ಕೆಲಸವೂ ಹಾಗೆಯೇ. ಅರ್ಥಿಂಗ್ ಕೊಡದಿದ್ದರೂ ಗ್ರೈಂಡರ್ ತಿರುಗುತ್ತದೆ, ಫ್ರಿಜ್ಜು ತಣ್ಣಗಾಗುತ್ತದೆ, ಮನೆಯವರಿಗೆ ಏನೂ ತಿಳಿಯುವುದಿಲ್ಲ. ಒಂದು ದಿನ ಕರೆಂಟು ಮೈಗೆ ಹರಿದಾಗ ಮಾತ್ರ ತಿಳಿಯುತ್ತದೆ, ಅದೂ ಅಡುಗೆಮನೆಯಲ್ಲಿ ಒದ್ದೆಗೈಯಲ್ಲಿ ನಿಂತ ಹೆಣ್ಣುಮಗಳಿಗೆ.

ಶಾಲೆಯ ಹೊರಗೆ ಟ್ರೈಸ್ಕ್ವೇರ್ ಹಿಡಿದು ನಿಲ್ಲುವ ಸರ್ ಇಲ್ಲ, ಬೆಸುಗೆಯನ್ನು ಮುರಿದು ನೋಡುವವರಿಲ್ಲ. ಇರುವವನು ಕಂಟ್ರಾಕ್ಟರ್. 'ಸಂಜೆಯೊಳಗೆ ಮುಗಿಸು, ಹೇಗೂ ಮೇಲೆ ಬಣ್ಣ ಬರುತ್ತದೆ' ಎನ್ನುತ್ತಾನೆ. ಯಾರೂ ನೋಡದ, ಯಾರೂ ಬೆಲೆ ಕಟ್ಟದ ಕೆಲಸವನ್ನು ಆ ಹುಡುಗ ಸರಿಯಾಗಿಯೇ ಏಕೆ ಮಾಡಬೇಕು?

'ಕಾಯಕವೇ ಪೂಜೆಯಪ್ಪಾ' ಎಂದು ಉಪದೇಶಿಸಿ ಎದ್ದುಹೋಗುವುದು ಸುಲಭ. ಕಸುಬಿಗೆ ಗೌರವ ಕೊಟ್ಟ ಪರಂಪರೆ ನಮಗಿದೆ, ನಿಜ. ಅಂಬಿಗರ ಚೌಡಯ್ಯ, ಜೇಡರ ದಾಸಿಮಯ್ಯ ಎಂಬ ವಚನಕಾರರ ಹೆಸರುಗಳ ಹಿಂದೆ ಅವರ ಕಸುಬು ಬಿರುದಿನಂತೆ ನಿಂತಿದೆ. ಉರ್ದುವಿನಲ್ಲಿ 'ಹುನರ್' ಎಂಬ ಒಂದೇ ಮಾತು ಕಲೆಗೂ ಸಲ್ಲುತ್ತದೆ, ಕೈಕಸುಬಿಗೂ ಸಲ್ಲುತ್ತದೆ. ನಮ್ಮ ಊರುಗಳ ಗ್ಯಾರೇಜುಗಳಲ್ಲಿ ಸರ್ಟಿಫಿಕೇಟಿನ ಮುಖವನ್ನೇ ಕಾಣದೆ ಉಸ್ತಾದನ ಪಕ್ಕದಲ್ಲಿ ಕೂತು ಹುನರ್ ಕಲಿತ ಶಾಗಿರ್ದರಿಗೆ ಲೆಕ್ಕವಿಲ್ಲ. ಈಗ ನಮ್ಮ ನಮ್ಮ ಮೊಬೈಲು ತೆರೆದು ನೋಡೋಣ. ಅಲ್ಲಿಯೂ ವೆಲ್ಡರ್ ಬಾಷಾ, ಪ್ಲಂಬರ್ ರಾಜು ಇದ್ದಾರೆ. ಹೆಸರಿನ ಹಿಂದೆ ಕಸುಬು ಹಾಗೆಯೇ ಉಳಿದಿದೆ. ಅದರ ಜೊತೆಗಿದ್ದ ಮರ್ಯಾದೆ ಉಳಿದಿದೆಯೆ?

ಸರಕಾರವೇನೂ ಸುಮ್ಮನೆ ಕುಳಿತಿಲ್ಲ. ಕುಶಲಕರ್ಮಿಗಳ ತರಬೇತಿ ಯೋಜನೆ 1950ರಲ್ಲಿ ಆರಂಭವಾಯಿತು, ಅಪ್ರೆಂಟಿಸ್ ಕಾಯ್ದೆ 1961ರಲ್ಲಿ ಬಂತು. 2022ರಲ್ಲಿ ಕರ್ನಾಟಕದ 150 ಐಟಿಐಗಳನ್ನು ಹೊಸ ಕಾಲದ ಯಂತ್ರಗಳೊಂದಿಗೆ ಮೇಲ್ದರ್ಜೆಗೇರಿಸಲಾಯಿತು. ಇವೆಲ್ಲ ಬೇಕಾದದ್ದೇ. ಆದರೆ ಯಂತ್ರ ಅಳತೆಯನ್ನು ಕಲಿಸಬಲ್ಲದು. ಗೋಡೆಯೊಳಗೆ ಹುದುಗಿಹೋಗುವ ವೈರಿನ ಜಾಯಿಂಟಿಗೆ ಕೊನೆಗೂ ಆ ಹುಡುಗನ ಮನಸ್ಸೇ ಜಾಮೀನು.

ಆ ಮನಸ್ಸನ್ನು ನಾವು ಹೇಗೆ ನಡೆಸಿಕೊಳ್ಳುತ್ತಿದ್ದೇವೆ? ಆಸ್ಪತ್ರೆಯ ಬಿಲ್ಲಿನ ಮುಂದೆ ತುಟಿ ಬಿಚ್ಚದ ನಾವು ಗ್ರಿಲ್ ಮಾಡಿಕೊಟ್ಟವನ ಹತ್ತಿರ ನೂರು ರೂಪಾಯಿಗೆ ಅರ್ಧ ಗಂಟೆ ಚೌಕಾಶಿ ಮಾಡುತ್ತೇವೆ. ನಾಲ್ಕು ದಿನದ ಕೆಲಸವನ್ನು ಎರಡು ದಿನದಲ್ಲಿ ಮುಗಿಸಿಕೊಡು ಎನ್ನುತ್ತೇವೆ, ಅದೂ ಎರಡು ದಿನದ ಕೂಲಿಗೆ. ಹೀಗೆ ಕೇಳುವುದೆಂದರೆ ನಮ್ಮ ಪರವಾಗಿ ನೀನು ಸುಳ್ಳು ಹೇಳು ಎಂದು ಕೇಳಿದಂತೆಯೇ. ನಾಳೆ ಗ್ರಿಲ್ ಕಳಚಿದರೆ ಅದೇ ನಾವು 'ಈಗಿನ ಹುಡುಗರಿಗೆ ನಿಯತ್ತೇ ಇಲ್ಲ' ಎಂದು ಗೊಣಗುತ್ತೇವೆ.

ಹಾಗೆಂದು ಹುಡುಗನ ಹೊಣೆ ಕಡಿಮೆಯಾಗುವುದಿಲ್ಲ. ಕೂಲಿ ಕಡಿಮೆ ಎಂಬುದು ಕೆಲಸ ಒಪ್ಪಿಕೊಳ್ಳದಿರಲು ಕಾರಣವಾಗಬಹುದು, ಒಪ್ಪಿಕೊಂಡು ಹುಸಿ ಬೆಸುಗೆ ಹಾಕಲು ಕಾರಣವಾಗಬಾರದು. ಆ ಗ್ರಿಲ್ಲಿಗೆ ಒರಗಿ ನಿಲ್ಲುವ ಮಗು ಚೌಕಾಶಿ ಮಾಡಿರುವುದಿಲ್ಲ. ಆದರೆ ಮನೆಯಲ್ಲಿ ಔಷಧಿಗೂ ದುಡ್ಡಿಲ್ಲದ ಇಪ್ಪತ್ತು ವರ್ಷದವನಿಗೆ ಕೆಲಸ ಬೇಡವೆನ್ನುವ ಸ್ವಾತಂತ್ರ್ಯ ಎಷ್ಟಿದೆ? ಆದ್ದರಿಂದ ಈ ಹೊಣೆಯನ್ನು ಎರಡು ಪಾಲು ಮಾಡಿಯೇ ನೋಡಬೇಕು. ಬೆಸುಗೆ ಗಟ್ಟಿಯಾಗಿರಬೇಕಾದದ್ದು ಅವನ ಪಾಲು. ಗಟ್ಟಿ ಬೆಸುಗೆಗೆ ಬೇಕಾದ ಹೊತ್ತು ಮತ್ತು ಕೂಲಿ ನಮ್ಮ ಪಾಲು. ನಮ್ಮ ಪಾಲನ್ನು ಸಲ್ಲಿಸದೆ ಅವನ ಪಾಲನ್ನು ವಸೂಲು ಮಾಡಲು ಹೊರಡುವುದು ನ್ಯಾಯವಲ್ಲ.

ಪ್ರತಿ ವರ್ಷ ನಮ್ಮ ಐಟಿಐಗಳಿಂದ ಹುಡುಗರೂ, ಈಗೀಗ ಹುಡುಗಿಯರೂ, ಕೈಯಲ್ಲೊಂದು ಸರ್ಟಿಫಿಕೇಟು ಹಿಡಿದು ಹೊರಬರುತ್ತಾರೆ. ಬೆಳಕಿನ ಒಂದೆಳೆಯೂ ಹಾಯದಂತೆ ಉಜ್ಜಲು ಕಲಿತ ಕೈಗಳವು. ಅವರಲ್ಲಿ ಯಾರಾದರೂ ನಮ್ಮ ಮನೆಗೆ ಕೆಲಸಕ್ಕೆ ಬಂದರೆ 'ಎಷ್ಟಕ್ಕೆ ಮಾಡಿಕೊಡ್ತೀಯಪ್ಪಾ?' ಎನ್ನುವ ಮೊದಲು 'ಸರಿಯಾಗಿ ಮಾಡಲು ಎಷ್ಟು ದಿನ ಬೇಕಪ್ಪಾ?' ಎಂದು ಕೇಳೋಣ. ಅವರು ಹೇಳಿದಷ್ಟು ದಿನ ಕಾಯೋಣ.