ಪೆಟ್ಟುಂಡವನ ಕರ್ಮ

ತಾಳವಾಡಿಯ ಗಿರಿಪ್ರಾಂತದಲ್ಲಿಯೂ ಅದರ ಸುತ್ತಣ ಸೀಮೆಯಲ್ಲಿಯೂ, ಕಾಡುಗಳ್ಳ ವೀರಪ್ಪನ್‌ನ ಬೇಟೆಯ ದಿನಗಳಲ್ಲಿ, ಅವನಿಗೆ ನೆರವಾದರೆಂಬ ಶಂಕೆಯೊಂದರಿಂದಲೇ ಪೊಲೀಸರಿಂದ ಹಿಡಿಯಲ್ಪಟ್ಟು, ಪೆಟ್ಟನ್ನೂ ವಿದ್ಯುದಾಘಾತವನ್ನೂ ಸಹಿಸಿ, ಉಳುವ ತೋಳಿನ, ಬೆಟ್ಟವೇರುವ ಕಾಲಿನ ಕಸುವನ್ನು ಯೌವನದಲ್ಲಿಯೇ ಕಳೆದುಕೊಂಡು ಮನೆಗೆ ಮರಳಿದವರ ಸಂಕಟವನ್ನು ಪೂರ್ವಕರ್ಮವೆಂದು ವಿವರಿಸುವುದು ಧರ್ಮವೇ? ಕರ್ಮಸಿದ್ಧಾಂತವು ಕರ್ತೃವಿಗೆ ತನ್ನ ಕೃತ್ಯದ ಹೊಣೆಯನ್ನು ನೆನಪಿಸಲು ಹುಟ್ಟಿದುದೇ ಹೊರತು, ಹೊಡೆದವನ ಕೈಯನ್ನು ಮರೆಮಾಡಿ ಪೆಟ್ಟುಂಡವನ ಜನ್ಮಾಂತರವನ್ನು ಶೋಧಿಸಲಿಕ್ಕಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು 1999ರಲ್ಲಿ ನೇಮಿಸಿದ ನ್ಯಾಯಮೂರ್ತಿ ಸದಾಶಿವರ ಸಮಿತಿಯು ಈ ಸಂತ್ರಸ್ತರ ಅಳಲನ್ನು ಆಲಿಸಿತು. 2007ರಲ್ಲಿ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿಗಳ ಪರಿಹಾರ ಘೋಷಿತವಾಯಿತು. ಅದು ಬೇಕಿತ್ತು, ಬಹಳ ತಡವಾಯಿತು. ಆದರೆ ಧನವು ಋಣದ ಒಂದಂಶವನ್ನಷ್ಟೇ ತೀರಿಸುತ್ತದೆ.

ಉಳಿದುದನ್ನು ತೀರಿಸುವ ಬಗೆಯೇನು? ಶರಣರ ಮಾತಿನಲ್ಲಿ ಕಾಯಕವನ್ನೂ ದಾಸೋಹವನ್ನೂ ಬೇರ್ಪಡಿಸಿ ನೋಡುವಂತಿಲ್ಲ: ಅಂಗವೈಕಲ್ಯವುಳ್ಳ ತರುಣನಿಗೆ ಅನ್ನವನ್ನಿಕ್ಕಿ ಪುಣ್ಯ ಗಳಿಸಿದೆವೆಂದು ತೃಪ್ತರಾಗುವ ನಾವು, ಅವನೂ ದುಡಿದು ಇನ್ನೊಬ್ಬರಿಗೆ ಅನ್ನವಿಕ್ಕುವ ಅಧಿಕಾರವನ್ನು ಕಸಿದುಕೊಂಡಂತೆಯೇ ಸರಿ. ಆದುದರಿಂದ ಅವನ ಶಕ್ತಿಗೆ ಹೊಂದುವ ಕಸುಬನ್ನೂ, ಬೆಟ್ಟದ ಹಾಡಿಯವರೆಗೆ ಏರಿಬರುವ ಚಿಕಿತ್ಸೆಯನ್ನೂ, ರಾತ್ರಿ ಬೆಚ್ಚಿಬೀಳುವ ಮನಸ್ಸಿಗೆ ಸಾಂತ್ವನವನ್ನೂ ದಾನವೆನ್ನದೆ, 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಆಶಯದಂತೆ, ಅವನ ಹಕ್ಕೆಂದೇ ತಂದೊಪ್ಪಿಸಬೇಕು. ಅಂದು ತರುಣರಾಗಿದ್ದವರು ಇಂದು ನಡುವಯಸ್ಸನ್ನು ದಾಟುತ್ತಿದ್ದಾರೆ. ಅವರ ಮಟ್ಟಿಗೆ ಉಳಿದಿರುವ ಕಾಲ ಸ್ವಲ್ಪವೇ.